ಎಟಿಸಿ 200ಎಸ್: ಹಿಂದಿನ ಆಕ್ಸಲ್ ಬೇರಿಂಗ್, ಎರಡನೇ ಸಲ

ಜನವರಿ 11

ಗ್ಯಾರೇಜಿನ ಥರ್ಮಾಮೀಟರ್ 25 ಫ್ಯಾರನ್‌ಹೀಟ್ ತೋರಿಸುತ್ತಿದೆ, ಅಂದರೆ ಮೈನಸ್ 4. ಹೀಟರ್ ಹಚ್ಚಿ ಅರ್ಧ ಗಂಟೆ ಆಯಿತು. ಆದರೂ ಸ್ಪ್ಯಾನರ್ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ಇಂಥ ಕೆಲಸಕ್ಕೆ ಚಳಿಗಾಲವೇ ಸರಿ. ಏಪ್ರಿಲ್ ಬಂತೆಂದರೆ ಸಿಲ್ವರ್ ಲೇಕ್‌ನ ಮರಳುದಿಬ್ಬಗಳು ಗಾಡಿಗಳಿಗೆ ತೆರೆಯುತ್ತವೆ. ಆಮೇಲೆ ಬಿಚ್ಚಿಕೊಂಡು ಕೂರಲು ಯಾರಿಗೆ ಮನಸ್ಸು ಬರುತ್ತೆ?

ಗಾಡಿ 1985ರ ಹೋಂಡಾ ಎಟಿಸಿ 200ಎಸ್. ಮೂರು ಚಕ್ರದ ಗಾಡಿ ತಗೊಂಡೆ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು "ಆಟೋನಾ?" ಅಂತ. ಆಟೋಗೆ ಹಿಂದೆ ಡಿಫರೆನ್ಷಿಯಲ್ ಇದೆ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಇದಕ್ಕೆ ಆ ಸೌಕರ್ಯ ಇಲ್ಲ. ಒಂದೇ ಉದ್ದನೆಯ ಆಕ್ಸಲ್, ಎರಡೂ ಚಕ್ರ ಅದಕ್ಕೇ ಬಿಗಿ. ತಿರುಗಿಸಬೇಕಾದರೆ ಮೈ ವಾಲಿಸಿ ಒಂದು ಚಕ್ರವನ್ನು ಜಾರಿಸಬೇಕು. ಹಿಂದೆ ಶಾಕ್ ಅಬ್ಸಾರ್ಬರ್ ಕೂಡ ಇಲ್ಲ. 2 ಪಿಎಸ್‌ಐ ಆಸುಪಾಸು ಗಾಳಿ ತುಂಬಿದ ಬಲೂನ್ ಟೈರುಗಳೇ ಶಾಕ್. ಅವು ನುಂಗದ ಏಟೆಲ್ಲ ಸೀದಾ ಆಕ್ಸಲ್ ಹೊತ್ತಿರುವ ಎರಡು ಬೇರಿಂಗ್ (ಒಳ ರಿಂಗು, ಹೊರ ರಿಂಗು, ನಡುವೆ ಗುಂಡುಗಳು) ಮೇಲೆ ಬೀಳುತ್ತದೆ.

ಆ ಬೇರಿಂಗ್‌ಗಳನ್ನು ಹೋದ ಮೇ ತಿಂಗಳಲ್ಲಷ್ಟೇ ಹೊಸದಾಗಿ ಹಾಕಿದ್ದೆ. ಇವತ್ತು ಹಿಂಭಾಗವನ್ನು ಜಾಕ್ ಮೇಲೆ ಎತ್ತಿ, ಚಕ್ರದ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್. ಮೊದಲು ಹಬ್ (ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಭಾಗ) ಇರಬಹುದು ಅಂದುಕೊಂಡೆ. ಹಬ್‌ನ ಸ್ಪ್ಲೈನ್, ಅಂದರೆ ಆಕ್ಸಲ್‌ಗೆ ಕಚ್ಚುವ ಹಲ್ಲುಗಳು, ಸವೆದರೂ ಹೀಗೇ ಅಲ್ಲಾಟ ಬರುತ್ತದೆ. ವ್ಯತ್ಯಾಸ ಗೊತ್ತಾಗಬೇಕಾದರೆ ಚಕ್ರ ನೋಡಬಾರದು, ಆಕ್ಸಲ್ ನೋಡಬೇಕು. ಬೇರಿಂಗ್‌ಗಳು ಕೂರುವ ಹೌಸಿಂಗ್‌ನಿಂದ ಅದು ಹೊರಬರುವ ಜಾಗದಲ್ಲಿ ಬೆರಳಿಟ್ಟು ಮತ್ತೆ ಅಲ್ಲಾಡಿಸಿದೆ. ಆಕ್ಸಲ್ಲೇ ಕುಣಿಯುತ್ತಿತ್ತು.

ಜನವರಿ 18

ಬಿಚ್ಚಿದೆ. ಹಬ್‌ನ ನಟ್ಟುಗಳ ಸ್ಪ್ಲಿಟ್ ಪಿನ್ ಎರಡೂ ತುಕ್ಕು ಹಿಡಿದು ಮುರಿದವು. (ನಮ್ಮ ಅಜ್ಜ ಎತ್ತಿನ ಗಾಡಿಯ ಕಡಾಣಿ ತೆಗೆದು, ಚಕ್ರ ಅರ್ಧ ಈಚೆ ಎಳೆದು, ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದರು. ಎರಡು ನಿಮಿಷದ ಕೆಲಸ. ಇಲ್ಲಿ ಚಕ್ರ ಈಚೆ ಬರುವುದಕ್ಕೇ ಮಧ್ಯಾಹ್ನ ಆಯಿತು.) ಆಕ್ಸಲ್ ಹೊರಗೆಳೆದಾಗ ಹೌಸಿಂಗ್‌ನಿಂದ ಮೊದಲು ಬಂದದ್ದು ನೀರು. ಒಂದು ಕಾಫಿ ಲೋಟದಷ್ಟು, ಕೆಂಪು ಬಣ್ಣದ್ದು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಹೋದ ಸಲ ಬೇರಿಂಗ್ ಹಾಕುವಾಗ "ಎರಡೂ ಕಡೆ ರಬ್ಬರ್ ಸೀಲ್ ಇದೆಯಲ್ಲ, ಇನ್ನೇನು" ಅಂತ ಗ್ರೀಸ್ ತುಂಬದೆ ಸುಮ್ನೆ ಕೂರಿಸಿದ್ದೆ. ಎರಡು ಬೇರಿಂಗ್ ನಡುವೆ ಒಂದು ಸ್ಪೇಸರ್ ಕೊಳವೆ ಇರುತ್ತದೆ. ಅದರ ಸುತ್ತ ಹೌಸಿಂಗ್ ಪೂರ್ತಿ ಟೊಳ್ಳು, ಬರೀ ಗಾಳಿ. ಓಡಿದ ಮೇಲೆ ಹೌಸಿಂಗ್ ಬಿಸಿಯಾಗುತ್ತದೆ, ಪಕ್ಕದ ಬ್ರೇಕ್ ಡ್ರಮ್ಮಿನ ಕಾವೂ ಸೇರುತ್ತದೆ. ಹಾಗೇ ಹೋಗಿ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ತುಟಿಯ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಮನೆಗೆ ಬಂದು ಪ್ರೆಷರ್ ವಾಷರ್‌ನಲ್ಲಿ ಆಕ್ಸಲ್ ಬುಡಕ್ಕೇ ಗುರಿ ಇಟ್ಟು ತೊಳೆಯುತ್ತಿದ್ದೆ ಬೇರೆ. ಗಾಡಿ ಫಳಫಳ ಹೊಳೆಯುತ್ತಿತ್ತು.

ಹಾಗಾಗಿ ಇಲ್ಲಿ ಗ್ರೀಸ್‌ಗೆ ಎರಡು ಕೆಲಸ. ಗುಂಡುಗಳು ಸವೆಯದ ಹಾಗೆ ನೋಡಿಕೊಳ್ಳುವುದು ಒಂದು. ಆ ಟೊಳ್ಳು ಜಾಗ ತುಂಬಿಕೊಂಡು ನೀರಿಗೆ ಜಾಗ ಇಲ್ಲದ ಹಾಗೆ ಮಾಡುವುದು ಇನ್ನೊಂದು. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು.

ಫೆಬ್ರವರಿ 1

ಹಳೇ ಬೇರಿಂಗ್ ತೆಗೆಯುವುದಕ್ಕೆ ಒಂದೇ ಉಪಾಯ. ಸ್ಪೇಸರ್ ಕೊಳವೆಯನ್ನು ಒಳಗಿನಿಂದ ಪಕ್ಕಕ್ಕೆ ತಳ್ಳಿದರೆ ಒಳ ರಿಂಗಿನ ಅಂಚು ಕೂದಲೆಳೆಯಷ್ಟು ಕಾಣುತ್ತದೆ. ಅಲ್ಲಿಗೆ ಉದ್ದನೆ ಪಂಚ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ಹೊಡೆಯಬೇಕು. ಅದಕ್ಕೆ ಮುಂಚೆ ಹೌಸಿಂಗ್ ಕಾಯಿಸಬೇಕು. ಓವನ್‌ನಲ್ಲಿ ಇಡಲಾ ಅಂತ ಕೇಳಿದೆ. ಹೆಂಡತಿ ಏನೂ ಮಾತಾಡದೆ ಹೀಟ್ ಗನ್ ತಂದು ಕೈಗಿಟ್ಟಳು. ಕಾವು ಸಾಕೋ ಇಲ್ವೋ ನೋಡಲು ದೋಸೆ ಕಾವಲಿಗೆ ಚಿಮುಕಿಸಿದ ಹಾಗೆ ನೀರು ಚಿಮುಕಿಸಿದೆ. ಚುಂಯ್ ಅಂದರೆ ಸಾಕು.

ಹೊಸ ಬೇರಿಂಗ್‌ನ ನಂಬರ್ ಇಲ್ಲಿ ಹಾಕುತ್ತಿಲ್ಲ. 40 ವರ್ಷದ ಗಾಡಿಗೆ ಯಾರು ಯಾವ ಮಾಡೆಲ್‌ನ ಹೌಸಿಂಗ್ ಜೋಡಿಸಿರುತ್ತಾರೋ ಹೇಳಲಾಗದು. ನಿಮ್ಮ ಬೇರಿಂಗ್ ಒರೆಸಿ ಓದಿಕೊಳ್ಳಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳ ವ್ಯಾಸ ಮಿಲಿಮೀಟರ್‌ನಲ್ಲಿ ಬರುತ್ತದೆ. 6007 ಅಂದರೆ 35 ಮಿ.ಮೀ, 6206 ಅಂದರೆ 30 ಮಿ.ಮೀ. ಮುಂದೆ 2ಆರ್‌ಎಸ್ ಅಂತ ಇದ್ದರೆ ಎರಡೂ ಬದಿ ರಬ್ಬರ್ ಸೀಲ್. ಹೋದ ಸಲ ಅಗ್ಗಕ್ಕೆ ಸಿಕ್ಕಿತು ಅಂತ ಹೆಸರು ಕೇಳದ ಕಂಪನಿಯದು ಕೊಂಡಿದ್ದೆ. ಈ ಸಲ ದುಡ್ಡಿನ ಮುಖ ನೋಡಲಿಲ್ಲ.

ಫೆಬ್ರವರಿ 15

ಹೌಸಿಂಗ್‌ಗೆ ಗ್ರೀಸ್ ನಿಪ್ಪಲ್ (ಗನ್ನಿನಿಂದ ಗ್ರೀಸ್ ಒತ್ತುವ ಪುಟ್ಟ ಮೂತಿ) ಹಾಕಿದೆ. ದಪ್ಪ ಇರುವ ಜಾಗ ನೋಡಿ 5 ಮಿ.ಮೀ ಡ್ರಿಲ್, ಆಮೇಲೆ ಥ್ರೆಡ್ ಕೊರೆಯಲು ಎಂ6 ಟ್ಯಾಪ್. ಬೇರಿಂಗ್ ಕೂರಿಸುವ ಮುಂಚೆಯೇ ಇದನ್ನು ಮುಗಿಸಬೇಕು. ಇಲ್ಲದಿದ್ದರೆ ಲೋಹದ ಚೂರು ನೇರ ಗುಂಡುಗಳ ನಡುವೆ ಹೋಗಿ ಕೂರುತ್ತದೆ.

ನಿಪ್ಪಲ್ ಹಾಕಿಬಿಟ್ಟರೆ ಆಯ್ತು ಅಂದುಕೊಳ್ಳುವವರೇ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬೇರಿಂಗ್‌ನ ಒಳಬದಿಯ ರಬ್ಬರ್ ಸೀಲ್ ಹಾಗೇ ಇದ್ದರೆ ನೀವು ಒತ್ತುವ ಗ್ರೀಸ್ ಗುಂಡುಗಳ ಹತ್ತಿರವೇ ಹೋಗುವುದಿಲ್ಲ. ಸ್ಪೇಸರ್ ಕಡೆಗೆ ಮುಖ ಮಾಡಿರುವ ಸೀಲನ್ನು ಸೂಜಿ ಮೊನೆಯಲ್ಲಿ ಮೀಟಿ ತೆಗೆಯಬೇಕು. ಹೊರಬದಿಯದು ಇರಲಿ. ಮುಟ್ಟಬೇಡಿ.

ಸೀಲ್ ತೆಗೆದ ಮೇಲೆ ಫ್ಯಾಕ್ಟರಿ ಗ್ರೀಸನ್ನು ತೊಳೆದು ಒಣಗಿಸಿದೆ. ಯಾವ ಜಾತಿಯ ಗ್ರೀಸ್ ಅಂತ ಗೊತ್ತಿಲ್ಲದಾಗ ಬೆರೆಸಬಾರದು. ಲಿಥಿಯಂ ಮತ್ತು ಪಾಲಿಯೂರಿಯಾ ಗ್ರೀಸ್ ಎಷ್ಟೋ ಸಲ ಹೊಂದುವುದಿಲ್ಲ, ಬೆರೆತರೆ ತೆಳ್ಳಗಾಗಿ ಸೋರಿ ಹೋಗುತ್ತದೆ. ನಾನು ತಗೊಂಡದ್ದು ದೋಣಿ ಟ್ರೈಲರ್ ಚಕ್ರಕ್ಕೆ ಹಾಕುವ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್, ಗಟ್ಟಿತನದ ದರ್ಜೆ ಎನ್‌ಎಲ್‌ಜಿಐ 2. ನೀರಿಗೆ ಅಷ್ಟು ಸುಲಭವಾಗಿ ತೊಳೆದು ಹೋಗದು. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಬೇರಿಂಗ್‌ನ ಅಂಚನ್ನು ಒತ್ತಿ ಒತ್ತಿ, ಆಚೆ ಬದಿಯಿಂದ ಇಣುಕುವವರೆಗೆ ತುಂಬಿದೆ.

ಪೂರ್ತಿ ತುಂಬಿದರೆ ಬಿಸಿಯಾಗಲ್ವಾ? ಜೋರಾಗಿ ಸುತ್ತುವ ಮೋಟರ್ ಬೇರಿಂಗ್ ಆದರೆ ಆಗುತ್ತದೆ. ಇಲ್ಲಿ ಲೆಕ್ಕ ಹಾಕಿ. ಸುಮಾರು 25 ಇಂಚು ಎತ್ತರದ ಟೈರ್ ಒಂದು ಸುತ್ತಿಗೆ 2 ಮೀಟರ್ ಹೋಗುತ್ತದೆ. ಗಂಟೆಗೆ 40 ಕಿ.ಮೀ ಓಡಿಸಿದರೂ ಆಕ್ಸಲ್ ನಿಮಿಷಕ್ಕೆ ಸುಮಾರು 333 ಸುತ್ತು, ಅಷ್ಟೇ. ಮನೆಯ ಫ್ಯಾನಿನಷ್ಟು.

ಮಾರ್ಚ್ 8

ಜೋಡಣೆ. ಬೇರಿಂಗ್‌ಗಳನ್ನು ರಾತ್ರಿ ಹಿತ್ತಲ ಹಿಮದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟಿದ್ದೆ. ಫ್ರೀಜರ್ ಕೇಳುವ ಧೈರ್ಯ ಇರಲಿಲ್ಲ. ಕಾದ ಹೌಸಿಂಗ್ ಹಿಗ್ಗಿತ್ತು, ತಣ್ಣನೆ ಬೇರಿಂಗ್ ಕುಗ್ಗಿತ್ತು, ಮೊದಲನೆಯದು ನಾಲ್ಕು ಏಟಿಗೆ ಕೂತಿತು. ಹೊಡೆಯುವುದು ಹೊರ ರಿಂಗಿಗೆ ಮಾತ್ರ. ಅದಕ್ಕೆ ಹಳೇ ಬೇರಿಂಗನ್ನೇ ಅಡ್ಡ ಇಟ್ಟೆ.

ಎರಡನೆಯದಕ್ಕೆ ಮುಂಚೆ ಸ್ಪೇಸರ್ ಹಾಕಲು ಮರೆತೆ. ಹೌದು, ಮರೆತೆ. ಮತ್ತೆ ಕಾಯಿಸಿ, ಬಡಿದು ತೆಗೆದು, ಸ್ಪೇಸರ್ ಹಾಕಿ ಕೂರಿಸಿದೆ. ಅದಿಲ್ಲದೆ ಆಕ್ಸಲ್ ನಟ್ಟು ಬಿಗಿದರೆ ಎರಡು ಒಳ ರಿಂಗುಗಳು ಒಂದನ್ನೊಂದು ಹತ್ತಿರ ಎಳೆದುಕೊಂಡು ಗುಂಡುಗಳು ಪಕ್ಕಕ್ಕೆ ಒತ್ತಿ ಸಾಯುತ್ತವೆ. ಒಳ ರಿಂಗಿನ ಮೂಲಕ ಬಡಿದು ತೆಗೆದ ಬೇರಿಂಗನ್ನು ಮತ್ತೆ ಹಾಕಬಾರದು ಅಂತ ಗೊತ್ತು. ಅದಕ್ಕೇ ಇನ್ನೊಂದು ಕೊಂಡೆ. ಒಂದು ವಾರ ಹೋಯಿತು.

ಹೌಸಿಂಗ್ ತುದಿಯ ಸೀಲ್ ಕೂರುವ ಜಾಗದಲ್ಲಿ ಆಕ್ಸಲ್ ಮೇಲೆ ತೆಳು ಗೆರೆ ಬಿದ್ದಿತ್ತು. ಸಣ್ಣ ಉಪ್ಪು ಕಾಗದದಲ್ಲಿ ಉಜ್ಜಿ, ಸೀಲಿನ ತುಟಿಗೆ ಗ್ರೀಸ್ ಸವರಿ ಹಾಕಿದೆ.

ಮಾರ್ಚ್ 22

ಗ್ರೀಸ್ ಗನ್ ಸಿಕ್ಕಿದ ಖುಷಿಯಲ್ಲಿ ಒತ್ತಿದೆ, ಒತ್ತಿದೆ. ಟೊಳ್ಳು ತುಂಬುವುದಕ್ಕೆ ಬಹಳ ಹಿಡಿಯುತ್ತದೆ ನಿಜ. ಆದರೆ ಗನ್ನಿನ ಹಿಡಿ ಬಿಗಿಯಾದ ಮೇಲೂ ಇನ್ನೊಂದೆರಡು ಒತ್ತಿದ್ದು ಕೊಬ್ಬು. ಪುಸಕ್ ಅಂತ ಬ್ರೇಕ್ ಕಡೆಯ ಸೀಲ್ ಹೊರಗೆ ಬಂತು. ಡ್ರಮ್ ತೆಗೆದರೆ ಒಳಗೆಲ್ಲ ಗ್ರೀಸ್. ಡ್ರಮ್ ಒರೆಸಿ ಬ್ರೇಕ್ ಕ್ಲೀನರ್ ಹೊಡೆದೆ. ಬ್ರೇಕ್ ಶೂಗಳು ಗ್ರೀಸ್ ಕುಡಿದಿದ್ದವು, ಎಸೆದೆ.

ಈಗಿನ ಪದ್ಧತಿ ಹೀಗೆ: ಚಕ್ರ ಕೈಯಲ್ಲಿ ತಿರುಗಿಸುತ್ತಾ ನಿಧಾನವಾಗಿ ಒತ್ತು, ಹಿಡಿ ಬಿಗಿಯಾಯಿತು ಅನಿಸಿದ ಕ್ಷಣ ನಿಲ್ಲು. ನೀರಿಗಿಳಿದ ದಿನ ಸಂಜೆ ಎರಡು ಒತ್ತು. ಹಳ್ಳಕ್ಕೆ ಮುಂಚೆ ಹತ್ತು ನಿಮಿಷ ನಿಂತು ಹೌಸಿಂಗ್ ತಣಿಸು. ಪ್ರೆಷರ್ ವಾಷರ್ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.

ಏಪ್ರಿಲ್ 19

ಸಿಲ್ವರ್ ಲೇಕ್. ಹೆಲ್ಮೆಟ್, ಕಿತ್ತಳೆ ಬಾವುಟ ಎಲ್ಲ ಕಟ್ಟಿಕೊಂಡು ಮೂರು ಗಂಟೆ ಓಡಿಸಿದೆ. ಮಗ ಓಡಿಸಲಾ ಅಂತ ಕೇಳಿದ, ಬೇಡ ಅಂದೆ. ಈ ಗಾಡಿಗಳು ಮಗುಚುತ್ತವೆ ಅನ್ನುವ ಗಲಾಟೆ ಸುಮ್ಮನೆ ಎದ್ದದ್ದಲ್ಲ. 1988ರಲ್ಲಿ ಇಲ್ಲಿನ ಸರ್ಕಾರದ ಜೊತೆ ಒಪ್ಪಂದವಾಗಿ ಕಂಪನಿಗಳು ಹೊಸ ಮೂರು ಚಕ್ರದವನ್ನು ಮಾರುವುದನ್ನೇ ನಿಲ್ಲಿಸಿದವು.

ಮನೆಗೆ ಬಂದು ಜಾಕ್ ಮೇಲೆ ಎತ್ತಿ ಅಲ್ಲಾಡಿಸಿದೆ. ಸದ್ದಿಲ್ಲ. ಡ್ರಮ್ ಒಳಗೆ ಒಣಗಿದೆ. ಚೈನ್ ಕಡೆಯ ಸೀಲ್ ಸುತ್ತ ಮಾತ್ರ ಮರಳು ಮೆತ್ತಿದ ಗ್ರೀಸಿನ ತೆಳು ಉಂಗುರ. ಆ ಉಂಗುರವನ್ನು ಒರೆಸಲಿಲ್ಲ. ಮುಂದಿನ ಸಲ ದಪ್ಪ ಆಗಿದೆಯಾ ನೋಡಬೇಕು.