ಬೊಲೊಗೊಯೆ ಮಾಡೆಲ್: ಮೂರನೇ ಫಲಕ ಕೊನೆಗೂ ಸರಿ ಬಂತು

ರಷ್ಯಾದ ಬೊಲೊಗೊಯೆ ರೈಲ್ವೆ ಸ್ಟೇಷನ್ನಿನ ಪುಟ್ಟ ಮಾಡೆಲ್‌ಗೆ ಹಳಿ ಕೆಲಸ ಮುಗಿಯಿತು. ಎಚ್‌ಓ ಸ್ಕೇಲಿನ (ಅಸಲಿನ 87ರಲ್ಲಿ ಒಂದು ಪಾಲು ಅಳತೆ) ರೆಡಿಮೇಡ್ 16.5 ಮಿ.ಮೀ. ಹಳಿ ಇಲ್ಲಿ ನಡೆಯಲ್ಲ. ರಷ್ಯಾದ ಹಳೇ 1524 ಮಿ.ಮೀ. ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಗಲವನ್ನು, 87ರಿಂದ ಭಾಗಿಸಿದರೆ 17.5 ಬರುತ್ತದೆ, ಹಾಗಾಗಿ ಎಲ್ಲ ಕೈಯಲ್ಲೇ ಹಾಕಿದೆ. ಎರಡೂ ಕಡೆ ಹಳಿ, ನಡುವೆ ದ್ವೀಪದ ಹಾಗೆ ಸ್ಟೇಷನ್ ಕಟ್ಟಡ. ನೋಡೋಕೇ ಖುಷಿ. ಆದರೆ ಎರಡು ತಿಂಗಳು ತಿಂದಿದ್ದು ಹಳಿ ಅಲ್ಲ, ಮುಂದುಗಡೆ ಕೂರಿಸುವ ಅಂಗೈ ಅಗಲದ ಹಿತ್ತಾಳೆ ಫಲಕ.

ಮಾಡೆಲ್ ತೋರಿಸುವುದು ಒಂದೇ ದಿನವನ್ನು: ರಷ್ಯಾದ ಹಳೇ ಕ್ಯಾಲೆಂಡರಿನ 1917ರ ಮಾರ್ಚ್ 1. ಮುಂದಿನ ಸ್ಟೇಷನ್‌ಗಳು ಕ್ರಾಂತಿಕಾರಿಗಳ ಕೈಯಲ್ಲಿವೆ ಅಂತ ಸುದ್ದಿ ಬಂದು, ಝಾರ್ ಎರಡನೇ ನಿಕೊಲಾಯ್‌ನ ರೈಲು ಮಾಲಾಯಾ ವಿಶೇರಾದಿಂದ ಬೊಲೊಗೊಯೆಗೆ ವಾಪಸ್ ಬಂತು. ಅಲ್ಲಿಂದ ಪ್ಸ್ಕೋವ್ ದಾರಿ ಹಿಡಿಯಿತು. ಮರುದಿನ ಪ್ಸ್ಕೋವ್‌ನಲ್ಲಿ ಅವನು ಪಟ್ಟ ಬಿಟ್ಟ.

ಮೊದಲ ಫಲಕದಲ್ಲಿ ‘ತ್ವೇರ್ ಗುಬೆರ್ನಿಯಾ, ಬೊಲೊಗೊಯೆ ಪಟ್ಟಣ’ ಅಂತ ರಷ್ಯನ್‌ನಲ್ಲಿ ಕೆತ್ತಿಸಿದ್ದೆ. ಎರಡೂ ತಪ್ಪು. ಆಗ ಈ ಊರು ನೋವ್ಗೊರೊದ್ ಗುಬೆರ್ನಿಯಾದ ವಲ್ದಾಯ್ ಉಯೆಜ್ದ್‌ಗೆ ಸೇರಿತ್ತು. ಗುಬೆರ್ನಿಯಾ ಅಂದರೆ ಪ್ರಾಂತ್ಯ, ಉಯೆಜ್ದ್ ಅದರ ಕೆಳಗಿನ ಹಂತ. 1927ರಲ್ಲಿ ಊರು ಲೆನಿನ್‌ಗ್ರಾಡ್ ಒಬ್ಲಾಸ್ತ್‌ಗೆ (ಇದೂ ಪ್ರಾಂತ್ಯವೇ) ಹೋಯಿತು, 1935ರಲ್ಲಿ ಕಲೀನಿನ್ ಒಬ್ಲಾಸ್ತ್‌ಗೆ. ಆ ಕಲೀನಿನ್‌ಗೇ 1990ರಲ್ಲಿ ತ್ವೇರ್ ಅಂತ ಹೆಸರಾಯಿತು. ಹಳೇ ಉಯೆಜ್ದ್ ಕೇಂದ್ರ ವಲ್ದಾಯ್ ಮಾತ್ರ ಈಗಲೂ ನೋವ್ಗೊರೊದ್ ಕಡೆಯೇ ಇದೆ.

ಇನ್ನು ‘ಪಟ್ಟಣ’ದ ವಿಷಯ. ಇಲ್ಲಿಗೆ ರೈಲು ಬಂದಿದ್ದು 1851ರಲ್ಲಿ, ಪೀಟರ್ಸ್‌ಬರ್ಗ್–ಮಾಸ್ಕೋ ದಾರಿಯ ಹೆಚ್ಚುಕಡಿಮೆ ನಟ್ಟನಡುವೆ. 1870ರಲ್ಲಿ ರೀಬಿನ್ಸ್ಕ್ ಲೈನು, 1897ರಲ್ಲಿ ಪ್ಸ್ಕೋವ್ ಲೈನು, 1907ರಲ್ಲಿ ಪೊಲೊತ್ಸ್ಕ್ ಲೈನು ಸೇರಿಕೊಂಡವು. ಅಷ್ಟು ದೊಡ್ಡ ಜಂಕ್ಷನ್, ಆದರೂ ಕಾಗದದ ಮೇಲೆ ಪಟ್ಟಣ ಅಲ್ಲ! ಆ ಸ್ಥಾನ ಕೊಟ್ಟಿದ್ದು 1917ರಲ್ಲಿ, ಝಾರ್ ಇಳಿದ ಮೇಲೆ, ತಾತ್ಕಾಲಿಕ ಸರ್ಕಾರ. ಅವನ ರೈಲು ನಿಂತ ದಿನ ಇದಿನ್ನೂ ಬರೀ ಸ್ಟೇಷನ್ ಊರು. ಫಲಕ ಅದನ್ನೇ ಹೇಳಬೇಕು ಅಲ್ವಾ?

ಎರಡನೇ ಫಲಕ ಕೆಟ್ಟಿದ್ದು ಹಳೇ ರಷ್ಯನ್ ಲಿಪಿಯ ‘ಯಾತ್’ ಅಕ್ಷರದಿಂದ. ಕ್ರಾಂತಿಯ ನಂತರದ ಲಿಪಿ ಸುಧಾರಣೆಯಲ್ಲಿ ಅದನ್ನು ಕೈಬಿಟ್ಟರು. ನನ್ನ ದಿನಕ್ಕೆ ಅದು ಬೇಕೇ ಬೇಕು. ಕೆತ್ತುವ ಅಂಗಡಿಯವರ ಫಾಂಟಿನಲ್ಲಿ ಅದಿಲ್ಲ. ‘ಉಯೆಜ್ದ್’ ಪದದ ಐದು ರಷ್ಯನ್ ಅಕ್ಷರಗಳಲ್ಲಿ ಎರಡನೆಯದರ ಜಾಗದಲ್ಲಿ ಖಾಲಿ ಚೌಕ ಬಂದಿತ್ತು. ಪ್ರೂಫ್ ಕಳಿಸಿ ಅಂತ ಮೂರು ಸಲ ಕೇಳಿದ್ದೆ. ಕಳಿಸಲೇ ಇಲ್ಲ, ದುಡ್ಡು ಮಾತ್ರ ಪೂರ್ತಿ ಮುಂಚೆಯೇ ತಗೊಂಡಿದ್ದರು.

ಹಳೇ ಲಿಪಿ ಕೆತ್ತಿಸುವವರು ಟೈಪ್ ಮಾಡಿದ ಫೈಲ್ ಕೊಡಲೇಬೇಡಿ. ಎಲ್ಲ ಅಕ್ಷರವನ್ನೂ ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ರೇಖಾಚಿತ್ರವಾಗಿಸಿ ಕೊಡಿ. ಇನ್ನೊಂದು: 3 ಮಿ.ಮೀ. ಎತ್ತರದಲ್ಲಿ ಯಾತ್‌ನ ಅಡ್ಡಗೆರೆ ಕೆಳಗಿನ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ನಾನು ಗೆರೆಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದೆ. ನಿನ್ನೆ ಫಲಕ ಬಂತು. ಕಪ್ಪು ಇನಾಮಲ್ ತುಂಬಿ, ಒರೆಸಿ, ಭೂತಗನ್ನಡಿ ಹಿಡಿದೆ. ಗೆರೆ ಬೇರೆ, ಹೊಟ್ಟೆ ಬೇರೆ, ನಡುವೆ ಹಿತ್ತಾಳೆಯ ಹೊಳಪು. ಕುರ್ಚಿಯಿಂದ ಎದ್ದು ಕೂಗಿಬಿಟ್ಟೆ!

ಮುಂದಿನದು ದ್ನೊ. ಝಾರ್‌ನ ರೈಲು ಅದೇ ದಿನ ಹಾದುಹೋದ ಜಂಕ್ಷನ್, ಹೆಸರಿನ ಅರ್ಥ ‘ತಳ’. ಹಲಗೆ ಆಗಲೇ ಕತ್ತರಿಸಿಟ್ಟಿದ್ದೇನೆ. ಅದು ಪ್ಸ್ಕೋವ್ ಗುಬೆರ್ನಿಯಾದ ಪೋರ್ಖೋವ್ ಉಯೆಜ್ದ್. ಮತ್ತೆ ಯಾತ್ ಬೇಕು, ಈ ಸಲ ಅದರ ಔಟ್‌ಲೈನ್ ನನ್ನ ಹತ್ತಿರವೇ ಇದೆ.