ಉಯಿಲು: ಪದದ ಹುಟ್ಟು, ಪತ್ರದ ಭಾಷೆ

ಕುಯಿಲು ಅಂದರೆ ಪೈರಿನ ಕಟಾವು. ಹುಯಿಲು ಅಂದರೆ ಗದ್ದಲ, ಮೊರೆ. ಇವುಗಳ ಪಕ್ಕದಲ್ಲಿ ಉಯಿಲನ್ನು ಕೂರಿಸಿದರೆ ಮೂರೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಆದರೆ ಮೊದಲೆರಡು ಅಚ್ಚಗನ್ನಡ, ಮೂರನೆಯದು ಇಂಗ್ಲಿಷಿನ ‘ವಿಲ್’. ಇಂಗ್ಲಿಷರ ಬಾಯಲ್ಲಿ ಆ ‘ವಿ’ ಹಲ್ಲಿಗೆ ತುಟಿ ತಾಗಿಸಿ ಬರುವುದಿಲ್ಲ, ತುಟಿ ದುಂಡಗಾಗಿ ಉಕಾರದಂತೆ ಶುರುವಾಗುತ್ತದೆ. ಕೇಳಿದ ಕಿವಿ ‘ಉಇಲ್’ ಎಂದು ಹಿಡಿಯಿತು, ನಡುವೆ ಯಕಾರ ನುಸುಳಿತು, ಕೊನೆಗೆ ರೈಲಿಗೂ ಸ್ಕೂಲಿಗೂ ಹತ್ತಿದ ಉಕಾರ ಇದಕ್ಕೂ ಹತ್ತಿತು. ತಮಿಳಿನಲ್ಲೂ ಅದು ‘ಉಯಿಲ್’. ತೆಲುಗಿನವರು ಪಾರಸಿಯ ‘ನಾಮಾ’ ಸೇರಿಸಿ ‘ವೀಲುನಾಮಾ’ ಮಾಡಿಕೊಂಡರು.

ಪದ ಹೊರಗಿನಿಂದ ಬಂದದ್ದಕ್ಕೆ ಕಾರಣ, ವಸ್ತುವೇ ಹೊರಗಿನದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ‘ಮಿತಾಕ್ಷರ’ದ ಪ್ರಕಾರ ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು. ಹಕ್ಕು ಆಗಲೇ ಮಗನದಾಗಿರುವಾಗ, ಸಾಯುವವನು ಇಷ್ಟಬಂದವರಿಗೆ ಬರೆದಿಡುವ ಮಾತೇ ಏಳುವುದಿಲ್ಲ. ಆ ಶಾಸ್ತ್ರದಲ್ಲಿ ದಾಯವಿದೆ (ವಂಶದಿಂದ ಬರುವ ಆಸ್ತಿ), ವಿಭಾಗವಿದೆ (ಅದರ ಪಾಲು), ಉಯಿಲಿಲ್ಲ. ಅದು ಬ್ರಿಟಿಷರ ಕೋರ್ಟುಗಳ ಜೊತೆ ಬಂತು. 1870ರಲ್ಲಿ ಹಿಂದೂ ಉಯಿಲುಗಳ ಕಾಯ್ದೆ, 1925ರಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆ ಆದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನು ಉಯಿಲು ಬರೆಯಲು ದಾರಿ ಮಾಡಿಕೊಟ್ಟಿತು. ತನ್ನ ಪಾಲು ಮಾತ್ರ, ಇಡೀ ಪಿತ್ರಾರ್ಜಿತವನ್ನಲ್ಲ. ಸ್ವಯಾರ್ಜಿತವಾದರೆ ಪೂರ್ತಿ ಬರೆಯಬಹುದು.

ಉತ್ತರ ಕರ್ನಾಟಕದಲ್ಲಿ ಮರಾಠಿಯವರಂತೆ ‘ಮೃತ್ಯುಪತ್ರ’ ಅನ್ನುವುದು ರೂಢಿ. ಕಚೇರಿ ಕಾಗದಗಳಲ್ಲಿ ‘ಮರಣಶಾಸನ’ ಎಂದೂ ಇರುತ್ತದೆ. ಈ ಎರಡನೆಯದು ನನಗೆ ಒಪ್ಪುವುದಿಲ್ಲ. ‘ರೈತರ ಪಾಲಿನ ಮರಣಶಾಸನ’ ಎಂದು ಪತ್ರಿಕೆಗಳು ಬರೆದೂ ಬರೆದೂ ಅದಕ್ಕೆ ಸಾವಿನ ತೀರ್ಪಿನ ಅರ್ಥವೇ ಅಂಟಿಕೊಂಡಿದೆ. ಜೊತೆಗೆ ಶಾಸನ ಅಂದರೆ ಕಟ್ಟಪ್ಪಣೆ, ಕಲ್ಲಿನಲ್ಲಿ ಕೆತ್ತಿದ್ದು. ‘ವಿಲ್’ ಹುಟ್ಟಿದ ಹಳೆಯ ಇಂಗ್ಲಿಷಿನ ‘ವಿಲ್ಲ’ಕ್ಕಾದರೋ ಇಚ್ಛೆ, ಬಯಕೆ ಎಂದರ್ಥ. ಇಚ್ಛೆ ಬದಲಾಗಬಹುದು. ಬರೆದವರು ಬದುಕಿರುವವರೆಗೆ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು.

ಪತ್ರ ಬರೆಯುವಾಗ ಎಡವುವುದು ಇಲ್ಲೇ, ಅದೂ ಕ್ರಿಯಾಪದದಲ್ಲಿ. ‘ಸದರಿ ಸ್ವತ್ತು ನನ್ನ ಕಾಲಾನಂತರ ನನ್ನ ಮಗಳಿಗೆ ಸೇರತಕ್ಕದ್ದು’ ಎಂದರೆ ಉಯಿಲು. ‘ಈ ದಿನವೇ ನಿನ್ನ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಎಂದರೆ ಹಕ್ಕು ಇವತ್ತೇ ಹೋಯಿತು, ಅದು ದಾನಪತ್ರದ ಮಾತು. ತಲೆಬರಹದಲ್ಲಿ ‘ಉಯಿಲು’ ಎಂದು ದಪ್ಪಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಉಯಿಲಾಗದು. ಕೋರ್ಟು ನೋಡುವುದು ಒಳಗಿನ ಒಕ್ಕಣೆಯನ್ನು. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿ ಕಡ್ಡಾಯ. ಹಾಗಾಗಿ ದಾನದ ಭಾಷೆಯಲ್ಲಿ ಬರೆದು, ಉಯಿಲೆಂದುಕೊಂಡು ನೋಂದಾಯಿಸದೆ ಇಟ್ಟ ಪತ್ರ ಎರಡೂ ಕಡೆ ಸಲ್ಲದೆ ಹೋಗಬಹುದು.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಐಚ್ಛಿಕ. ಬಿಡಲಾಗದ್ದು ಸಾಕ್ಷಿ, ಕನಿಷ್ಠ ಇಬ್ಬರು. ಬರೆದವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವುದನ್ನು ಇಬ್ಬರೂ ಕಂಡಿರಬೇಕು, ಇಲ್ಲವೆ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ತಾವೂ ಸಹಿ ಹಾಕಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ಹಳೆಯ ಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಪತ್ರದ ಬರಹಗಾರನ, ಅಂದರೆ ಹೇಳಿದ್ದನ್ನು ಕಾಗದಕ್ಕಿಳಿಸಿದವನ, ಹೆಸರಿರುತ್ತದೆ. ಒಬ್ಬ ಸಾಕ್ಷಿ, ಒಬ್ಬ ಬಿಕ್ಕಲಂ, ಲೆಕ್ಕ ಎರಡಾಯಿತು ಎಂದುಕೊಂಡವರು ಕೆಟ್ಟಿದ್ದಾರೆ. ಬರಹಗಾರನೆಂದು ಹಾಕಿದ ಸಹಿ ಸಾಕ್ಷಿಯ ಸಹಿಯಲ್ಲ. ಸಾಕ್ಷಿಗಳು ಬರೆಯುವವರಿಗಿಂತ ಕಿರಿಯರಾಗಿರಲಿ: ಮುಂದೆ ತಕರಾರು ಬಂದರೆ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕಾಗುತ್ತದೆ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ಅನುಮಾನಕ್ಕೆ ಅದೇ ಮೊದಲ ಎಡೆ. ಸ್ವತ್ತಿನ ವಿವರದಲ್ಲಿ ಸರ್ವೆ ನಂಬರು, ವಿಸ್ತೀರ್ಣ ಪಹಣಿಗೆ ತಾಳೆಯಾಗಲಿ, ನಾಲ್ಕೂ ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯೂ ಇರಲಿ. ‘ಕೆರೆ ಕೆಳಗಿನ ಗದ್ದೆ’ ಎಂದಷ್ಟೇ ಬರೆದರೆ ಅಂಥ ಗದ್ದೆ ಎರಡಿದ್ದಾಗ ಜಗಳ ಖಚಿತ.

ಬರೆದವರು ತೀರಿಕೊಂಡ ಮೇಲೆ ಜಮೀನು ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಲ್ಲಿದ್ದ ಖಾತೆಯನ್ನು ಹಕ್ಕುದಾರರ ಹೆಸರಿಗೆ ಮಾಡುವ ಕೆಲಸಕ್ಕೆ, ಬರುತ್ತದೆ. ಈ ‘ಪೌತಿ’ ಅರಬ್ಬಿಯ ‘ಫೌತ್’, ಅಂದರೆ ಸಾವು. ಅರ್ಜಿಯೊಂದಿಗೆ ಮರಣ ಪ್ರಮಾಣಪತ್ರವೂ ಉಯಿಲೂ ಬೇಕು. ಮೂಲಪ್ರತಿ ಎಲ್ಲಿದೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಮನೆಯಲ್ಲಿಡಲು ಅಂಜಿಕೆಯಿದ್ದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು.