ಹೊಸ ರೆಸ್ಟೋರೆಂಟಿಗೆ ಯಾವಾಗ ಹೋಗಬೇಕು?

ದೊಡ್ಡ ನಗರಗಳಲ್ಲಿ ಹೊಸದಾಗಿ ತೆರೆದ ರೆಸ್ಟೋರೆಂಟು, ಬಾರು, ಕೆಫೆಗಳ ಪಟ್ಟಿಯನ್ನು ನಾನು ಆಸಕ್ತಿಯಿಂದಲೇ ಓದುತ್ತೇನೆ. ಆದರೆ ಅವುಗಳಲ್ಲಿ ಒಂದಕ್ಕೂ ಮೊದಲ ಮೂರು ತಿಂಗಳು ಹೋಗುವುದಿಲ್ಲ. ಗೆಳೆಯರು ಇದನ್ನು ಜಿಪುಣತನ ಎನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜವೂ ಇರಬಹುದು.

ಉದ್ಘಾಟನೆಗೆ ಮುನ್ನ ಹೆಚ್ಚಿನವರು 'ಸಾಫ್ಟ್ ಓಪನಿಂಗ್' ನಡೆಸುತ್ತಾರೆ. ಪರಿಚಿತರನ್ನು ಮಾತ್ರ ಕರೆದು, ಮೆನುವನ್ನು ಮೊಟಕುಗೊಳಿಸಿ, ಅರ್ಧದಷ್ಟು ಟೇಬಲುಗಳನ್ನಷ್ಟೇ ತುಂಬಿಸಿ, ಯಾವ ತಿನಿಸು ಸಿದ್ಧವಾಗಲು ಎಷ್ಟು ಹೊತ್ತು ಹಿಡಿಯುತ್ತದೆ, ಆರ್ಡರುಗಳು ಎಲ್ಲಿ ಕಟ್ಟಿಕೊಳ್ಳುತ್ತವೆ ಎಂಬುದನ್ನು ಆಗ ಪರೀಕ್ಷಿಸುತ್ತಾರೆ. ಅರವತ್ತು ಜನ ಅರ್ಧ ಗಂಟೆಯೊಳಗೆ ಬಂದು ಕುಳಿತರೆ ಅವರ ಆರ್ಡರುಗಳೆಲ್ಲ ಒಂದೇ ಒಲೆಯ ಮುಂದೆ ಸಾಲುಗಟ್ಟಬಹುದು. ಅದೇ ಅರವತ್ತು ಜನರನ್ನು ಸಣ್ಣ ಗುಂಪುಗಳಾಗಿ, ಹದಿನೈದು ಹದಿನೈದು ನಿಮಿಷಗಳ ಅಂತರದಲ್ಲಿ ಕೂರಿಸಿದರೆ ಅಷ್ಟೇ ಸಿಬ್ಬಂದಿ ನಿರಾಳವಾಗಿ ಬಡಿಸಬಲ್ಲರು. ಕೆಲವು ಟೇಬಲುಗಳು ಖಾಲಿಯಿದ್ದರೂ ಬಾಗಿಲಲ್ಲಿ ನಮ್ಮನ್ನು ಕಾಯಿಸುವುದಕ್ಕೆ ಹಲವು ಬಾರಿ ಇದೇ ಕಾರಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ಬಾಣಸಿಗ ಆಗುಸ್ಟ್ ಎಸ್ಕೊಫಿಯೆ ದೊಡ್ಡ ಹೋಟೆಲುಗಳ ಅಡುಗೆಮನೆಯನ್ನು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಹೊಣೆಗಾರರನ್ನು ನೇಮಿಸಿದ್ದು ಇಂಥ ಗೊಂದಲವನ್ನು ತಪ್ಪಿಸುವುದಕ್ಕಾಗಿಯೇ. ಆದರೆ ಆ ವಿಭಾಗಗಳು ಪರಸ್ಪರ ಹೊಂದಿಕೊಳ್ಳಲು ನಿಜವಾದ ಗಿರಾಕಿಗಳ ಒತ್ತಡವೇ ಬೇಕು. ಕೆಲವೇ ದಿನಗಳ ಸಾಫ್ಟ್ ಓಪನಿಂಗ್ ಅದಕ್ಕೆ ಸಾಲದು.

ಆದುದರಿಂದಲೇ ಜವಾಬ್ದಾರಿಯುತ ವಿಮರ್ಶಕರು ಹೊಸ ಜಾಗಕ್ಕೆ ಕೆಲವು ವಾರಗಳ ಕಾಲಾವಕಾಶ ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಉಂಡು ಬಂದ ಬಳಿಕವಷ್ಟೇ ಬರೆಯುತ್ತಾರೆ. ಆಹ್ವಾನದ ಮೇಲೆ ಮೊದಲ ರಾತ್ರಿಯೇ ಹೋಗಿ, ಬಿಟ್ಟಿ ಊಟ ಮುಗಿಸಿ, ಮರುದಿನ ಬೆಳಿಗ್ಗೆ ವಿಡಿಯೋ ಹಾಕುವವರ ಹೊಗಳಿಕೆಯನ್ನು ನಾನು ಜಾಹೀರಾತಿನ ಲೆಕ್ಕಕ್ಕೇ ಸೇರಿಸುತ್ತೇನೆ.

ಹತ್ತರಲ್ಲಿ ಒಂಬತ್ತು ರೆಸ್ಟೋರೆಂಟುಗಳು ಮೊದಲ ವರ್ಷವೇ ಮುಚ್ಚುತ್ತವೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಸಂಶೋಧಕ ಎಚ್. ಜಿ. ಪಾರ್ಸಾ ಮತ್ತು ಸಂಗಡಿಗರು ಅಮೆರಿಕದ ಕೊಲಂಬಸ್ ನಗರದ ದಾಖಲೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ವರ್ಷದಲ್ಲಿ ಮುಚ್ಚಿದ ಇಲ್ಲವೇ ಮಾಲೀಕರು ಬದಲಾದ ರೆಸ್ಟೋರೆಂಟುಗಳು ಶೇಕಡಾ 26ರಷ್ಟು; ಮೂರು ವರ್ಷಗಳಲ್ಲಿ ಒಟ್ಟು ಶೇಕಡಾ 60ರ ಆಸುಪಾಸು. ಒಂದೇ ನಗರದ ಅಂಕಿ ಎಂಬುದು ದಿಟ, ಆದರೂ ಗಾಳಿಮಾತಿಗಿಂತ ಮೇಲು. ಮೊದಲ ಕೆಲವು ತಿಂಗಳುಗಳ ಜನಜಂಗುಳಿಯಿಂದ ಒಂದು ಜಾಗದ ಆಯುಷ್ಯವನ್ನು ಅಳೆಯಲಾಗದು ಎಂದು ನಾನು ಇದರಿಂದ ತಿಳಿದುಕೊಂಡಿದ್ದೇನೆ. ಕುತೂಹಲಕ್ಕೆ ಬಂದವರು ಚದುರಿದ ಮೇಲೂ ಬಾಡಿಗೆ, ಸಂಬಳ, ದಿನಸಿಯ ಖರ್ಚು ಹಾಗೆಯೇ ಉಳಿದಿರುತ್ತದೆ.

ತಂಗುವ ಹೋಟೆಲುಗಳ ಲೆಕ್ಕ ಇನ್ನೂ ನಿಧಾನ. ಎಷ್ಟೋ ಕಡೆ ಕೆಲವು ಮಹಡಿಗಳನ್ನು ಮಾತ್ರ ಮೊದಲು ತೆರೆಯುತ್ತಾರೆ. ಈಜುಕೊಳವೋ ಮೇಲಿನ ಬಾರೋ ತಿಂಗಳುಗಳ ನಂತರ ಸಿದ್ಧವಾಗುತ್ತದೆ. ಕೋಣೆ ಕಾದಿರಿಸುವ ಮುನ್ನ ಯಾವುದೆಲ್ಲ ತೆರೆದಿದೆ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಕ್ಷೇಮ. ಇನ್ನು ಬಾರುಗಳ ವಿಷಯದಲ್ಲಿ ಪರವಾನಗಿ ತಡವಾಗುವುದೇ ಹೆಚ್ಚು, ಅದರ ಬಗ್ಗೆ ಹೇಳುವಂಥದ್ದು ಬೇರೇನಿಲ್ಲ.

ನಾಲ್ಕನೆಯ ತಿಂಗಳಲ್ಲಿ ಹೋದಾಗ ನಾನು ಗಮನಿಸುವುದು ಮುಖ್ಯವಾಗಿ ಎರಡನ್ನು: ಆರಂಭದಲ್ಲಿ ಪ್ರಕಟಿಸಿದ ಮೆನುವಿನಿಂದ ಏನನ್ನು ಕೈಬಿಟ್ಟಿದ್ದಾರೆ ಮತ್ತು ಬಡಿಸುವವರಲ್ಲಿ ಮೊದಲಿನಿಂದ ಇದ್ದವರು ಎಷ್ಟು ಮಂದಿ. ಎರಡನೆಯದನ್ನು ನೇರವಾಗಿ ಕೇಳಿಬಿಡುತ್ತೇನೆ. ಸಾಮಾನ್ಯವಾಗಿ ಅವರು ಸಂತೋಷದಿಂದಲೇ ಹೇಳುತ್ತಾರೆ.